ಮಾಳಿಗೆ ಮೇಲಿನ ‘ಸಂಸ್ಕಾರ’, ಮತ್ತೆ ನಮ್ಮ ಜಗಳ

ರಾಯಚೂರು, 11 ಆಗಸ್ಟ್ 2024, ಭಾನುವಾರ

ಸರೋದ್ ವಾದಕ ರಾಜೀವ ತಾರಾನಾಥರು ತೀರಿಕೊಂಡು ಇವತ್ತಿಗೆ ಎರಡು ತಿಂಗಳು. ಅವರ ತಂದೆ ಪಂಡಿತ ತಾರಾನಾಥರು ನಿಜಾಮರ ಕಾಲದಲ್ಲಿ ನಮ್ಮೂರಲ್ಲಿ ಹಮ್ದರ್ದ್ ಶಾಲೆ ಕಟ್ಟಿದವರು. ಹಾಗಾಗಿ ಮಗನ ಸರೋದ್ ಒಮ್ಮೆಯೂ ಕೇಳದವರು ಕೂಡ ಇಲ್ಲಿ ‘ನಮ್ಮವರು’ ಅಂತಾರೆ. ಅವರ ನೆನಪಿಗೆ ಏನಾದರೂ ಮಾಡೋಣ ಅಂದಾಗ ಗೆಳೆಯನೊಬ್ಬ ಅವರೇ ಸಂಗೀತ ಕೊಟ್ಟ ‘ಸಂಸ್ಕಾರ’ ಸಿನಿಮಾ ಹಾಕೋಣ ಅಂದ. ಆ ಗೆಳೆಯನ ಮನೆ ಮಾಳಿಗೆ ಮೇಲೆ ಬಿಳಿ ಧೋತರ ಕಟ್ಟಿ, ಪ್ರೊಜೆಕ್ಟರ್ ಇಟ್ಟು, ಮಳೆ ಬರದಿದ್ದರೆ ಸಾಕು ಅಂತ ಕೂತೆವು. ಮಳೆ ಬರಲಿಲ್ಲ, ಆದರೆ ಸಂಗೀತದ ಮಾತು ಎತ್ತುವಷ್ಟರಲ್ಲಿ ಜಗಳ ಶುರುವಾಗಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಅನಂತಮೂರ್ತಿಯವರ ಕಾದಂಬರಿ ಬಂದಿದ್ದು 1965ರಲ್ಲಿ, ಪಟ್ಟಾಭಿರಾಮ ರೆಡ್ಡಿಯವರ ಸಿನಿಮಾ 1970ರಲ್ಲಿ. ಮಲೆನಾಡಿನ ಒಂದು ಮಾಧ್ವ ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪ ಸಾಯುತ್ತಾನೆ. ಹೆಣಕ್ಕೆ ಸಂಸ್ಕಾರ ಯಾರು ಮಾಡಬೇಕು ಅನ್ನೋದನ್ನು ಅಗ್ರಹಾರದ ಪಂಡಿತರಾದ ಪ್ರಾಣೇಶಾಚಾರ್ಯರು ಇತ್ಯರ್ಥ ಮಾಡೋವರೆಗೂ ಯಾರೂ ಊಟ ಮಾಡುವಂತಿಲ್ಲ. ಕಥೆ ಇಷ್ಟೇ. ಮದ್ರಾಸಿನ ಸೆನ್ಸಾರ್ ಮಂಡಳಿ ಸಿನಿಮಾ ತಡೆಹಿಡಿದಿತ್ತು, ಆಮೇಲೆ ಕೇಂದ್ರದವರು ತಡೆ ತೆಗೆದರು. ಕೊನೆಗೆ ಅದೇ ಸಿನಿಮಾಕ್ಕೆ ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂತು. ಕನ್ನಡಕ್ಕೆ ಅದು ಮೊದಲನೆಯದು.

ಇದನ್ನು ರಾಯಚೂರಲ್ಲಿ ಕೂತು ನೋಡೋದು ಸ್ವಲ್ಪ ಬೇರೆ ಥರ. ಹೊಳೆ ದಾಟಿದರೆ ಮಾಧ್ವರ ಮಂತ್ರಾಲಯ. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು, ಈ ಹರಿದಾಸರೆಲ್ಲ ಈ ಸೀಮೆಯವರೇ. ಲಿಂಗಸುಗೂರಿನಲ್ಲಂತೂ ಪ್ರಾಣೇಶದಾಸರೇ ಇದ್ದರು, ಸಿನಿಮಾದ ಆಚಾರ್ಯರ ಹೆಸರೂ ಪ್ರಾಣೇಶಾಚಾರ್ಯ. ಮಾನ್ವಿಯ ಕಾಕಾ ದಿನಾ ಜಗನ್ನಾಥದಾಸರ ಹರಿಕಥಾಮೃತಸಾರ ಹೇಳುವವರು. ಅವರು ಬರ್ತಾರೆ ಅಂತ ನಾವು ಅಂದುಕೊಂಡಿರಲೇ ಇಲ್ಲ, ಎಲ್ಲರಿಗಿಂತ ಮೊದಲು ಬಂದು ಮುಂದೆ ಕೂತಿದ್ದರು.

ಲೈಟ್ ಹಾಕುತ್ತಿದ್ದಂತೆ ಅವರದೇ ಮೊದಲ ಮಾತು. “ಕುಡದದ್ದು ತೋರಸ್ರಿ, ಮೀನ ಹಿಡದದ್ದು ತೋರಸ್ರಿ, ನಡೀತದ. ಆದರ ಆ ಇಡೀ ಅಗ್ರಹಾರದಾಗ ದೇವರ ಮ್ಯಾಲೆ ಖರೇನ ಭಕ್ತಿ ಇರೋ ಒಬ್ಬ ಮನಿಶಾನೂ ಇಲ್ಲೇನು?” ಅವರು ಡಿಗ್ರಿ ಓದುವಾಗಲೇ ಕಾದಂಬರಿ ಓದಿದ್ದಾರಂತೆ, ನಾರಣಪ್ಪ ಸಾಲಿಗ್ರಾಮ ಹೊಳೆಗೆ ಎಸೆದ ಅನ್ನೋದನ್ನು ಇವತ್ತಿಗೂ ಕ್ಷಮಿಸಿಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಗೆಳೆಯ ತಕ್ಷಣ ಬಿದ್ದ, ಬ್ರಾಹ್ಮಣ್ಯದ ವಿಮರ್ಶೆ, ಧೈರ್ಯ, ನವ್ಯ ಸಾಹಿತ್ಯ ಅಂತ. ಈ ಇಬ್ಬರ ಜಗಳ ಐವತ್ತು ವರ್ಷದಿಂದ ಎಲ್ಲ ಊರಲ್ಲೂ ನಡೆದಿರೋದೇ, ಅದನ್ನು ಇಲ್ಲಿ ಪೂರ್ತಿ ಬರೆಯಲ್ಲ.

ನನಗೆ ಹಿಡಿಸಿದ್ದು ಪಕ್ಕದಲ್ಲಿ ಕೂತಿದ್ದ ಕಾಕೂ ಹೇಳಿದ್ದು. ಹೆಣ ಎತ್ತೋವರೆಗೆ ಒಲೆ ಹಚ್ಚದೆ ಕೂತ ಮನೆಗಳನ್ನು ಅವರು ಚಿಕ್ಕವರಿದ್ದಾಗ ಕಂಡವರು. ಖರ್ಚಿಗೆ ಅಂತ ನಾರಣಪ್ಪನ ಜೊತೆಗಿದ್ದ ಚಂದ್ರಿ ತನ್ನ ಒಡವೆ ತಂದಿಟ್ಟ ಕೂಡಲೇ ಆ ಗಂಡಸರ ಮುಖ ಬದಲಾಗುತ್ತದಲ್ಲ, ಅಲ್ಲಿ ಅವರು ನಕ್ಕೇ ಬಿಟ್ಟರು. “ಬಂಗಾರ ಕಂಡ ಮ್ಯಾಲೆ ಶಾಸ್ತ್ರ ಸಡ್ಲ ಆಗೋದು ನಾನೂ ನೋಡೀನಿ ಬಿಡ್ರಿ” ಅಂದರು, ಗಂಡನ ಕಡೆ ನೋಡದೆ. ಕಾಕಾ ಗಪ್‌ಚುಪ್.

ಗೆಳೆಯನ ತಂಗಿ ಕಾದಂಬರಿ ಓದಿಲ್ಲ. ಅವಳ ತಕರಾರು ಆಚಾರ್ಯರ ಹೆಂಡತಿ ಭಾಗೀರಥಿಯದು. ಆಚಾರ್ಯರು ರೋಗಿಷ್ಟ ಹೆಂಡತಿಯ ಸೇವೆಯನ್ನೇ ತಪಸ್ಸು ಅಂದುಕೊಂಡಿದ್ದಾರೆ, ಸರಿ, ಆದರೆ ಆ ಹೆಂಗಸನ್ನು ಯಾರಾದರೂ ಒಂದು ಮಾತು ಕೇಳಿದರಾ ಅಂತ. ಇದಕ್ಕೆ ನಮ್ಮ ಕನ್ನಡದ ಮೇಷ್ಟ್ರ ಹತ್ತಿರ ಉತ್ತರ ಇರಲಿಲ್ಲ, ಅವನು ಮತ್ತೆ ನವ್ಯಕ್ಕೆ ಹೋದ.

ಕೊನೆಗೆ ಮಾತಾಡಿದವನು ನಮ್ಮ ಆಫೀಸಿನ ಸಹೋದ್ಯೋಗಿ, ದೇವದುರ್ಗದ ಕಡೆಯವನು, ಕೇರಿಯಲ್ಲಿ ಬೆಳೆದವನು. ಕಾದಂಬರಿಯಲ್ಲಿ ಪ್ಲೇಗಿಗೆ ಕೇರಿಯವರೂ ಸಾಯ್ತಾರೆ, ಸತ್ತವರ ಹೆಣಕ್ಕೆ ಗುಡಿಸಲ ಸಮೇತ ಬೆಂಕಿ ಇಡ್ತಾರೆ. ಯಾವ ಮಠಕ್ಕೂ ಯಾರೂ ಹೋಗಿ ಧರ್ಮ ಕೇಳಲ್ಲ. “ಒಂದು ಹೆಣಕ್ಕೆ ಇಷ್ಟು ಪುಟ. ನಮ್ಮ ಹೆಣಕ್ಕ ಎಷ್ಟು ಸಾಲು ಅದಾವ ಎಣಿಸಿ ನೋಡ್ರಿ” ಅಂದ. ಜೋರು ಮಾಡಿ ಹೇಳಲಿಲ್ಲ, ಚುರುಮುರಿ ತಿಂತಾನೇ ಹೇಳಿದ. ಅಪಮಾನ ಅಂದವರೂ ಧೈರ್ಯ ಅಂದವರೂ ಅಲ್ಲಿವರೆಗೆ ಅಗ್ರಹಾರದ ಒಳಗೇ ಸುತ್ತುತ್ತಿದ್ದರು, ನಾನೂ ಸೇರಿ.

ಇನ್ನು ನನ್ನ ಅಭಿಪ್ರಾಯ. ಸಿನಿಮಾ ಒಳ್ಳೆಯದೇ, ಕಾದಂಬರಿಯಷ್ಟು ಕಾಡಲ್ಲ. ಪುಸ್ತಕದಲ್ಲಿ ಆಚಾರ್ಯರ ತಲೆಯೊಳಗೆ ನಾವಿರ್ತೀವಿ, ಜಾತ್ರೆಯ ಗದ್ದಲದಲ್ಲಿ ಅವರ ಭಯ ನಮಗೂ ಹತ್ತುತ್ತದೆ. ಪರದೆ ಮೇಲೆ ಗಿರೀಶ ಕಾರ್ನಾಡರ ಮುಖ ಮಾತ್ರ ಕಾಣುತ್ತದೆ, ಆ ಮುಖ ನನಗೆ ಅರ್ಧ ಮಾತ್ರ ಹೇಳಿತು. ಲಂಕೇಶರ ನಾರಣಪ್ಪ ಇರೋದು ಸ್ವಲ್ಪ ಹೊತ್ತು, ಆದರೆ ಸತ್ತ ಮೇಲೂ ಮನೆ ಬಿಟ್ಟು ಹೋಗಲ್ಲ. ಚಂದ್ರಿ ಮಾತ್ರ ಸಿನಿಮಾದಲ್ಲೇ ಜಾಸ್ತಿ ಗಟ್ಟಿ ಅನಿಸಿದಳು. ಆ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹಾಕಿದ್ದು, 1977ರ ಜನವರಿಯಲ್ಲಿ ಅವರು ತೀರಿಕೊಂಡದ್ದು ಗೊತ್ತಿದ್ದು ನೋಡುವಾಗ ಆ ಮುಖದಿಂದ ಕಣ್ಣು ಕೀಳೋದು ಕಷ್ಟ. ಇದು ಸಿನಿಮಾದ ಗುಣ ಅಲ್ಲ ಅಂತ ಮೇಷ್ಟ್ರು ವಾದಿಸಿದ. ಇರಲಿ.

ಸಂಗೀತದ ಬಗ್ಗೆ ಇಷ್ಟೇ ಹೇಳ್ತೀನಿ. ಅದು ಎಲ್ಲಿಯೂ ‘ಈಗ ಅಳಿ’ ಅನ್ನಲ್ಲ. ಈಗಿನ ಸಿನಿಮಾ ನೋಡಿ ಕಿವಿ ಕೆಟ್ಟವರಿಗೆ ಸಪ್ಪೆ ಅನಿಸಬಹುದು, ಒಬ್ಬಿಬ್ಬರು ಹಾಗೇ ಅಂದರು ಕೂಡ.

ಮುಂದಿನ ತಿಂಗಳು ‘ಘಟಶ್ರಾದ್ಧ’ ಹಾಕೋದು ಅಂತ ಆಗಿದೆ. ಕಾಸರವಳ್ಳಿಯವರದು, ಅದೂ ಅನಂತಮೂರ್ತಿಯವರ ಕಥೆಯೇ. ಕಾಕಾಗೆ ಹೇಳಿದರೆ “ಬರ್ತೀನಿ, ಆದರ ಬೈಯೋದು ಬಿಡೂದಿಲ್ಲ” ಅಂದರು. ಈ ಸಲ ಕಾಕೂಗೂ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕ್ತೀವಿ.