ನದಿ ದಂಡೆಯ ಅಂಗನವಾಡಿಗೆ ಬೇಕಾದ ಸಿದ್ಧತೆ

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಮುಧೋಳ ಭಾಗದ ಊರುಗಳಿಗೆ ನುಗ್ಗಿದ ಬಳಿಕ, ಹಿಡಕಲ್ ಜಲಾಶಯದಿಂದ ನೀರು ಬಿಟ್ಟ ಸುದ್ದಿ ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ನಮ್ಮ ಓಣಿಯ ಅಂಗನವಾಡಿ. ಅಲ್ಲಿರುವವರು 3ರಿಂದ 6 ವರ್ಷದ ಮಕ್ಕಳು. ಅನೇಕರಿಗೆ ಅಪ್ಪನ ಪೂರ್ತಿ ಹೆಸರನ್ನೂ ಹೇಳಲು ಬಾರದು. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಸೇರಿ ಅಷ್ಟೂ ಮಕ್ಕಳನ್ನು ಎತ್ತರದ ಜಾಗಕ್ಕೆ ಒಯ್ಯಬೇಕೆಂದರೆ, ಯಾವ ದಾರಿ, ಯಾವ ಕಟ್ಟಡ, ನೆರವಿಗೆ ಬರುವ ನೆರೆಮನೆಯವರು ಯಾರು ಎಂಬುದು ಮುಂಗಾರಿಗೆ ಮೊದಲೇ ನಿಶ್ಚಯವಾಗಿರಬೇಕು.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಾಯಿಸುವುದು ಒಂದು ಕಾಗದದ ಪಟ್ಟಿಗಾಗಿ. ಮಗುವಿನ ಹೆಸರು, ಇಬ್ಬರು ಹಿರಿಯರ ಫೋನ್ ನಂಬರು, ಮಗುವನ್ನು ಕರೆದೊಯ್ಯಲು ಒಪ್ಪಿಗೆಯಿರುವವರು, ಉಬ್ಬಸ ಅಥವಾ ಮೂರ್ಛೆಯಿದ್ದರೆ ಅದರ ಔಷಧ, ಇಷ್ಟೂ ಬರೆದು ನೀರು ತಾಗದ ಚೀಲದಲ್ಲಿಟ್ಟು ಬಾಗಿಲ ಬಳಿಯೇ ತೂಗುಹಾಕಬೇಕು. ಎಲ್ಲವೂ ಮೊಬೈಲಿನಲ್ಲಿದೆ ಎಂಬ ಉತ್ತರವನ್ನು ನಾನು ಒಪ್ಪಲಾರೆ, ಏಕೆಂದರೆ ನೆರೆ ಬಂದಾಗ ಕರೆಂಟೂ ಇರುವುದಿಲ್ಲ, ಕಬ್ಬಿನ ಹೊಲಕ್ಕೆ ಹೋದ ತಾಯಿಗೆ ಸಿಗ್ನಲ್ಲೂ ಸಿಗುವುದಿಲ್ಲ. ತುರ್ತು ಸಂಖ್ಯೆ 112 ಮತ್ತು ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ದಪ್ಪಕ್ಷರದಲ್ಲಿರಲಿ. ಅಡುಗೆ ಅನಿಲದ ಸಿಲಿಂಡರ್ ಮಾತ್ರ ಹೊರಹೋಗುವ ಬಾಗಿಲ ಪಕ್ಕದಲ್ಲಿ ಎಂದಿಗೂ ಇರಬಾರದು.