ಅವಳು ತೋಟದವನು ಅಂದ್ಕೊಂಡಳು

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದ್ಮೇಲೆ ಇದು ನನ್ನ ನಾಲ್ಕನೇ ಈಸ್ಟರ್. ಮೈಸೂರಲ್ಲಿ ಪಾಸ್ಕ ಹಬ್ಬ ಅಂದ್ರೆ ಸುಡೋ ಬಿಸಿಲು, ಹೊಂಗೆ ಚಿಗುರು, ರಾತ್ರಿ ಜಾಗರಣೆ ಪೂಜೆ ಮುಗಿಸಿ ಬಂದು ಅಮ್ಮನ ಕೈಯಿನ ಕೋಳಿ ಸಾರು. ಮೊಟ್ಟೆ, ಮೊಲ ಎಲ್ಲ ಬೇಕರಿ ಚಾಕಲೇಟ್ ವಿಷ್ಯ ಅಂದ್ಕೊಂಡಿದ್ದೆ, ಇಲ್ಲಿ ಬಂದು ತಿಂಗಳುಗಟ್ಟಲೆ ಎಲೆ ಇಲ್ಲದ ಮರ ನೋಡಿದ್ಮೇಲೆ ಗೊತ್ತಾಯ್ತು ಅವು ಎಲ್ಲಿಂದ ಹುಟ್ಟಿದ್ವು ಅಂತ.

ಮೊಟ್ಟೇನೇ ತಗೊಳ್ಳಿ. ಚಳಿಗಾಲದಲ್ಲಿ ಬೆಳಕು ಕಮ್ಮಿ ಆದ್ರೆ ಕೋಳಿ ಮೊಟ್ಟೆ ಇಡೋದೂ ಕಮ್ಮಿ, ಹಗಲು ಉದ್ದ ಆಗ್ತಿದ್ದ ಹಾಗೆ ಮತ್ತೆ ಶುರು. ಹಿಂದಿನ ಕಾಲದಲ್ಲಿ ತಪಸ್ಸುಕಾಲದ, ಅಂದ್ರೆ ಈಸ್ಟರ್‌ಗೆ ಮುಂಚಿನ ಉಪವಾಸದ, 40 ದಿನ ಮೊಟ್ಟೆ ಮುಟ್ಟೋ ಹಾಗಿರ್ಲಿಲ್ಲ, ಆದ್ರೆ ಕೋಳಿಗೆ ಉಪವಾಸ ಗೊತ್ತಾ, ಹಬ್ಬದ ಹೊತ್ತಿಗೆ ಮನೆ ತುಂಬಾ ಮೊಟ್ಟೆ. ಮೊಲ ಮೊಟ್ಟೆ ತಂದಿಡುತ್ತೆ ಅನ್ನೋ ಕಥೇನೂ ಹಳೇದೇ, 1682ರಲ್ಲೇ ಒಬ್ಬ ಜರ್ಮನ್ ವೈದ್ಯರು ಅದನ್ನ ಬರೆದಿಟ್ಟಿದಾರೆ. ನಮ್ಮ ಪಕ್ಕದ್ಮನೆ ಅಜ್ಜಿ ಮೊಟ್ಟೆ ಮೇಲೆ ಒಂದು ಪಾರ್ಸ್ಲಿ ಎಲೆ ಅಂಟಿಸಿ, ಹಳೇ ತೆಳು ಕಾಲ್ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಈರುಳ್ಳಿ ಸಿಪ್ಪೆ ಹಾಕಿದ ನೀರಲ್ಲಿ ಬೇಯಿಸ್ತಾರೆ. ಬಿಚ್ಚಿದ್ರೆ ಕೆಂಗಂದು ಮೊಟ್ಟೆ ಮೇಲೆ ಎಲೆಯ ಬಿಳಿ ಅಚ್ಚು, ಒಂದೊಂದು ನರಾನೂ ಕಾಣುತ್ತೆ. ಅದನ್ನ ಒಡೆಯೋಕೇ ಮನಸ್ಸು ಬರಲ್ಲ.

ಹೋದ ಅಕ್ಟೋಬರ್‌ನಲ್ಲಿ ಅದೇ ಅಜ್ಜಿ ಆರು ಗೆಡ್ಡೆ ಕೊಟ್ರು, ನೋಡೋಕೆ ಥೇಟ್ ಈರುಳ್ಳಿ. ಡ್ಯಾಫೊಡಿಲ್ ಹೂವಂತೆ, ಇಲ್ಲಿಯವರು ಅದನ್ನ ಕರೆಯೋದೇ ಈಸ್ಟರ್ ಗಂಟೆ ಅಂತ. ಬಾಲ್ಕನಿ ಕುಂಡದಲ್ಲಿ ಹೂತೆ. ನವೆಂಬರ್‌ನಲ್ಲಿ ಅಪ್ಪ ತೀರ್ಕೊಂಡ್ರು. ಊರಿಗೆ ಓಡಿದೆ, ಮಣ್ಣು ಹಾಕಿ ವಾಪಸ್ ಬಂದೆ, ಬಂದಾಗ ಕುಂಡದ ಮಣ್ಣು ಕಲ್ಲಾಗಿತ್ತು, ಮೇಲೆ ಹಿಮ. ಒಳಗೆ ಬೆಚ್ಚಗೆ ಇಡ್ಲಾ ಅಂತ ಅಜ್ಜೀನ ಕೇಳಿದೆ. ಬೇಡ ಬೇಡ, ಎರಡು ಮೂರು ತಿಂಗಳು ಚೆನ್ನಾಗಿ ಚಳಿ ತಿಂದ್ರೇನೇ ಹೂ ಬಿಡೋದು, ಬೆಚ್ಚಗಿಟ್ರೆ ಬರೀ ಎಲೆ ಅಂದ್ರು. ಆ ಮಾತು ನಂಗೆ ಚಳಿಗಾಲ ಪೂರ್ತಿ ಕಾಡ್ತು. ಅಪ್ಪನ ಮಣ್ಣಲ್ಲಿ ಚರ್ಚಿನ ಸ್ವಾಮಿಗಳು ಓದಿದ್ದು ಬೈಬಲ್‌ನ ಯೋಹಾನ 12:24, ಗೋಧಿ ಕಾಳು ನೆಲಕ್ಕೆ ಬಿದ್ದು ಸಾಯದಿದ್ರೆ ಒಂಟಿಯಾಗೇ ಉಳಿಯುತ್ತೆ ಅನ್ನೋ ವಾಕ್ಯ, ಅವತ್ತು ಅದು ನನ್ನ ಕಿವಿಗೆ ಬಿದ್ದಿತ್ತೇ ಹೊರತು ಒಳಗೆ ಇಳಿದಿರ್ಲಿಲ್ಲ.

ಈ ವರ್ಷ ಯುಗಾದಿ ಮಾರ್ಚ್ 19ಕ್ಕೆ, ಹುಣ್ಣಿಮೆ ಏಪ್ರಿಲ್ 2ಕ್ಕೆ, ಅದಾದ ಭಾನುವಾರ 5ಕ್ಕೆ ಈಸ್ಟರ್. ಮಾರ್ಚ್ 21 ಕಳೆದ ಹುಣ್ಣಿಮೆ ನೋಡಿ ದಿನ ಇಡೋದು, ಹಾಗಾಗಿ ನಮ್ಮ ಚೈತ್ರಾನೂ ಈ ಹಬ್ಬಾನೂ ಎಷ್ಟೋ ಸಲ ಒಂದೇ ಚಂದ್ರನ ಕೆಳಗೆ ಬರುತ್ತೆ.

ಶನಿವಾರ ರಾತ್ರಿ ಚರ್ಚ್ ಹೊರಗೆ ಕತ್ತಲಲ್ಲಿ ಬೆಂಕಿ ಹಾಕಿದ್ರು. 2026 ಅಂತ ಕೊರೆದ ದೊಡ್ಡ ಮೇಣದಬತ್ತಿ ಅದ್ರಲ್ಲಿ ಹಚ್ಚಿ ಒಳಗೆ ತಂದ್ರು, ಕೈಯಿಂದ ಕೈಗೆ ದೀಪ ಬಂತು. ಆ ದೀಪದ ಮುಂದೆ ಹಾಡೋ ಹಳೇ ಸ್ತೋತ್ರದಲ್ಲಿ ಮೇಣ ಕೊಟ್ಟ ಜೇನುಹುಳದ ನೆನಪೂ ಬರುತ್ತೆ, ಅಷ್ಟು ದೊಡ್ಡ ರಾತ್ರೀಲೂ ಅಷ್ಟು ಚಿಕ್ಕ ಜೀವಾನ ಮರೀಲಿಲ್ಲವಲ್ಲ ಅಂತ ನಂಗೆ ಪ್ರತಿ ವರ್ಷ ಕಣ್ಣು ತುಂಬುತ್ತೆ. ಗುರುವಾರದಿಂದ ಸುಮ್ನಿದ್ದ ಗಂಟೆಗಳು ಆಮೇಲೆ ಒಟ್ಟಿಗೆ ಬಡ್ಕೊಂಡ್ವು. ನಂಗೆ ಯೇಸುವಿನ ಶಿಷ್ಯೆ ಮಗ್ದಲದ ಮರಿಯ ನೆನಪಾದಳು. ಯೇಸುವನ್ನ ಇಟ್ಟಿದ್ದ ಸಮಾಧಿ ಇದ್ದಿದ್ದೇ ಒಂದು ತೋಟದಲ್ಲಿ, ಅಲ್ಲಿ ಅಳ್ತಾ ನಿಂತವಳು ಸಾವಿನಿಂದ ಎದ್ದು ಎದುರಿಗೆ ಬಂದ ಪ್ರಭುವನ್ನ ತೋಟದವನು ಅಂದ್ಕೊಂಡಳು. ಹೆಸರು ಹಿಡಿದು ಕರೆದ ಮೇಲೇ ಗೊತ್ತಾಗಿದ್ದು. ಅವಳು ತಪ್ಪು ತಿಳ್ಕೊಂಡಳು ಅಂತ ನಂಗೆ ಈಗ ಅನ್ಸಲ್ಲ.

ಬೆಳಿಗ್ಗೆ ಬಾಲ್ಕನಿ ಬಾಗಿಲು ತೆಗೆದ್ರೆ ಆರರಲ್ಲಿ ನಾಲ್ಕು ಅರಳಿದ್ವು, ಹಳದಿ, ತಲೆ ಸ್ವಲ್ಪ ಬಗ್ಗಿಸ್ಕೊಂಡು. ಅಮ್ಮಂಗೆ ವಿಡಿಯೋ ಕಾಲ್ ಮಾಡಿ ತೋರಿಸ್ದೆ. ಅಷ್ಟು ಚಳೀಲೂ ಬಂತೇನಪ್ಪಾ ಅಂದ್ರು. ಸ್ವಲ್ಪ ಹೊತ್ತು ಸುಮ್ನಿದ್ದು, ಪೂಜೆ ಮುಗಿಸಿ ಅಪ್ಪನ ಹತ್ರ ಹೋಗಿದ್ದೆ, ಒಂದು ಮಳೆ ಬಿದ್ದಿದೆ, ಕಲ್ಲಿನ ಪಕ್ಕ ಗರಿಕೆ ಎದ್ದಿದೆ, ಕೀಳಲಿಲ್ಲ, ಹಾಗೇ ಬಿಟ್ಟು ಬಂದೆ ಅಂದ್ರು.