ಗೊಂಜಾಳದ ಕೂದಲು

13 ಏಪ್ರಿಲ್ 2025, ರವಿವಾರ
ಕಲಬುರಗಿ

ಒಂದು ವಾರದಿಂದ ಮುಚ್ಚಿಟ್ಟ ಸಂಗತಿ ಇವತ್ತು ಬರೀತಿದ್ದೀನಿ, ಯಾಕಂದ್ರೆ ಇವತ್ತು ತಲೆ ನೋಡೋ ಹಾಗಾಗಿದೆ.

ಕಳೆದ ರವಿವಾರ ಬೆಳಗ್ಗೆ ಕೂದಲಿಗೆ ಬ್ಲೀಚ್ ಹಚ್ಚಿಕೊಳ್ಳೋಕೆ ಹಿತ್ತಲಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಹಳೇ ನೈಟಿ, ಹೆಗಲ ಮೇಲೆ ಹರಿದ ಟವೆಲ್, ಹಣೆಯಂಚಿಗೆ ಮತ್ತು ಕಿವಿಗೆ ವ್ಯಾಸಲೀನ್. ಬ್ಲೀಚ್ ಕಲಸೋಕೆ ಸ್ಟೀಲ್ ಬಟ್ಟಲು ಆಗಲ್ಲ, ಪೆರಾಕ್ಸೈಡಿಗೂ ಲೋಹಕ್ಕೂ ಆಗಿಬರೋದಿಲ್ಲ. ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದು ಅವ್ವನ ಬಿಳಿ ಪ್ಲಾಸ್ಟಿಕ್ ಬಟ್ಟಲು. ಅವ್ವ ಆಗ ಗುಡಿಗೆ ಹೋಗಿದ್ದಳು. ತಗೊಂಡೆ.

ಬ್ಲೀಚ್ ಪುಡಿ ಒಂದು ಪಾಲು, ಅದಕ್ಕೆ ಕಲಸೋ ಡೆವಲಪರ್ ಎರಡು ಪಾಲು. ಡೆವಲಪರ್ 20 ವಾಲ್ಯೂಮ್, ಅಂದರೆ 6% ಹೈಡ್ರೋಜನ್ ಪೆರಾಕ್ಸೈಡ್. ಅಂಗಡಿಯವರು 40 ತಗೊಳ್ಳಿ ಬೇಗ ಆಗ್ತದ ಅಂದಿದ್ದರು. ಅದು 12%, ಮನೆಯಲ್ಲಿ ನಮ್ಮಂಥವರ ಕೈಗೆ ಸಿಗಬಾರದ ಸಾಮಾನು ಅದು. ಮುಂದಿನ ಕೂದಲಿಗೆ ನಾನೇ ಹಚ್ಚಿದೆ, ಹಿಂದೆ ತಂಗಿ ಹಚ್ಚಿದಳು. ಎಳೆ ಎಳೆಯಾಗಿ ತೆಗೆದು, ಫಾಯಿಲಿನಲ್ಲಿ ಮಡಚಿ, ಬುಡದಿಂದ ಎರಡು ಬೆರಳು ಬಿಟ್ಟು. ನೆತ್ತಿಯ ಬಿಸಿಗೆ ಬುಡದ ಕೂದಲು ಬೇಗ ಬೆಳ್ಳಗಾಗುತ್ತೆ, ಅದಕ್ಕೆ ಬುಡಕ್ಕೆ ಕೊನೆಗೆ ಹಚ್ಚಬೇಕು.

ವಿಡಿಯೋದಲ್ಲಿ ನಲವತ್ತು ನಿಮಿಷ ಅಂದಿದ್ದರು. ಅವರದು ಎ.ಸಿ. ರೂಮು. ನಮ್ಮದು ಏಪ್ರಿಲ್ ತಿಂಗಳ ಕಲಬುರಗಿ ಹಿತ್ತಲು. ಇಪ್ಪತ್ತು ನಿಮಿಷಕ್ಕೆ ಫಾಯಿಲ್ ಮುಟ್ಟಿದರೆ ಆಗಷ್ಟೇ ಹಂಚಿನಿಂದ ಇಳಿಸಿದ ರೊಟ್ಟಿಯ ಹಾಗೆ ಬೆಚ್ಚಗಿತ್ತು. ಬಿಸಿ ಹೆಚ್ಚಾದಷ್ಟೂ ಬ್ಲೀಚ್ ಓಟ ಕೀಳುತ್ತೆ. ಒಂದು ಫಾಯಿಲ್ ಬಿಚ್ಚಿ ನೋಡಿದ ತಂಗಿ ಏನೂ ಮಾತಾಡಲಿಲ್ಲ. ಅವಳು ಸುಮ್ಮನಿದ್ದಾಳೆ ಅಂದರೆ ಏನೋ ಆಗಿದೆ ಅಂತಲೇ ಅರ್ಥ.

ತೊಳೆದು ಕನ್ನಡಿ ನೋಡಿದೆ. ಕಿತ್ತಳೆ. ಅದೂ ಒಂದೇ ಸಮ ಇಲ್ಲ. ಮೇಲೆ ಬಂಗಾರದ ಬಣ್ಣ, ನಡುವೆ ಕಿತ್ತಳೆ, ತುದಿಯ ನಾಲ್ಕು ಬೆರಳು ಕಪ್ಪೂ ಅಲ್ಲದ ಕೆಂಪೂ ಅಲ್ಲದ ಬಣ್ಣ.

ಗುಡಿಯಿಂದ ಬಂದ ಅವ್ವ ಚಪ್ಪಲಿ ಬಿಡೋದನ್ನೂ ಮರೆತು ನಿಂತಳು. "ಏನ್ ಮಾಡ್ಕೊಂಡೀಬೇ ಇದು? ಗೊಂಜಾಳದ ಕೂದಲಿನಂಗ ಆಗ್ಯಾವಲ್ಲ!"

ಖರೇ ಹೇಳಬೇಕಂದ್ರೆ ಅದಕ್ಕಿಂತ ಸರಿಯಾದ ಹೋಲಿಕೆ ಇಲ್ಲ. ಹಾಲು ತುಂಬಿದ ಮೆಕ್ಕೆಜೋಳದ ತೆನೆಯ ಸಿಪ್ಪೆ ಬಿಚ್ಚಿದಾಗ ಒಳಗಿರುತ್ತಲ್ಲ, ಬುಡದಲ್ಲಿ ಹಳದಿ, ತುದಿಗೆ ಕಂದು, ಅದೇ.

ಆಮೇಲೆ ಕೂತು ಸರಿಯಾಗಿ ಓದಿದೆ. ಇದನ್ನು ಮೊದಲೇ ಮಾಡಬೇಕಿತ್ತು ಅಲ್ವಾ? ಕೂದಲೊಳಗೆ ಎರಡು ಥರದ ಬಣ್ಣ ಇರುತ್ತೆ, ಒಂದು ಕಪ್ಪು-ಕಂದು, ಇನ್ನೊಂದು ಕೆಂಪು-ಹಳದಿ. ಬ್ಲೀಚಿಗೆ ಕಪ್ಪು ಬೇಗ ಬಗ್ಗುತ್ತೆ, ಕೆಂಪು ಹಠಮಾರಿ. ಹಾಗಾಗಿ ನಮ್ಮ ಕರಿ ಕೂದಲು ಮೊದಲು ಕೆಂಪಾಗಿ, ಆಮೇಲೆ ಕಿತ್ತಳೆಯಾಗಿ, ಆಮೇಲೆಯೇ ಹಳದಿಯಾಗೋದು. ನಾನು ನಡುದಾರಿಯಲ್ಲಿ ಇಳಿದಿದ್ದೆ ಅಷ್ಟೇ. ಇನ್ನೊಂದು ಸಲ ಬ್ಲೀಚ್ ಹಚ್ಚಿದ್ದರೆ ಕೂದಲು ರಬ್ಬರಿನ ಹಾಗೆ ಜಗ್ಗಿ ತುಂಡಾಗುತ್ತಿತ್ತೋ ಏನೋ. ಹಚ್ಚಲಿಲ್ಲ, ಪುಣ್ಯ.

ತುದಿಯ ಕಥೆ ಬೇರೆ. ಹೋದ ವರ್ಷ ಗಣೇಶ ಹಬ್ಬದ ತನಕ ನಾನು ಕಪ್ಪು ಮೆಹೆಂದಿ ಹಚ್ಚುತ್ತಿದ್ದೆ. ಮದರಂಗಿ ಎಲೆ ಎಷ್ಟು ಅರೆದರೂ ಕೆಂಪು ಬಿಟ್ಟು ಬೇರೆ ಬಣ್ಣ ಕೊಡೋದಿಲ್ಲ, ಕಪ್ಪಾಗುತ್ತೆ ಅಂದರೆ ಪಾಕೀಟಿನಲ್ಲಿ ಬೇರೆ ಏನೋ ಇದೆ ಅಂತಲೇ ಅರ್ಥ. ಹೆಚ್ಚಿನ ಸಲ ಅದು ಪಿ.ಪಿ.ಡಿ. ಅನ್ನೋ ರಾಸಾಯನಿಕ. ನಮ್ಮ ಕಾಕುಗೆ ಅದರಿಂದಲೇ ಒಮ್ಮೆ ಹಣೆ, ಕಣ್ಣುರೆಪ್ಪೆ ಎಲ್ಲ ಬಾತು ಎರಡು ದಿನ ಕಣ್ಣು ತೆರೆಯೋಕೆ ಆಗಿರಲಿಲ್ಲ. ಹಾಗೆ ಕೂತ ಹಳೇ ಬಣ್ಣ ಬ್ಲೀಚಿಗೂ ಪೂರ್ತಿ ಬಿಡಲಿಲ್ಲ.

ಸೋಮವಾರ ನೇರಳೆ ಶಾಂಪೂ ತಂದೆ. ಎಲ್ಲರೂ ಅದನ್ನೇ ಹೇಳ್ತಾರೆ. ಮೂರು ಸಲ ತಿಕ್ಕಿದೆ, ಉಗುರು ನೇರಳೆ ಆಯ್ತು, ಕೂದಲು ಕಿತ್ತಳೆಯೇ. ತಪ್ಪು ಶಾಂಪೂವಿನದಲ್ಲ. ಬಣ್ಣದ ಚಕ್ರದಲ್ಲಿ ಎದುರುಬದುರು ಇರೋ ಬಣ್ಣಗಳು ಒಂದನ್ನೊಂದು ಅಡಗಿಸುತ್ತವೆ. ನೇರಳೆ ಎದುರಿಗೆ ಇರೋದು ಹಳದಿ. ಕಿತ್ತಳೆಯ ಎದುರಿಗೆ ನೀಲಿ. ನೇರಳೆ ಶಾಂಪೂ ಹಳದಿಯಾಗುವ ತನಕ ಬಿಳಿಚಿಸಿಕೊಂಡವರಿಗೆ, ನನ್ನಂಥ ಅರ್ಧಂಬರ್ಧದವರಿಗೆ ನೀಲಿ ಬೇಕು. ಇಷ್ಟು ಒಂದು ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ಆ ದುಡ್ಡು ಉಳೀತಿತ್ತು.

ವಾರವೆಲ್ಲ ಆಫೀಸಿಗೆ ಓಢಣಿ ಸುತ್ತಿಕೊಂಡೇ ಹೋದೆ. ಈ ಬಿಸಿಲಿಗೆ ಊರಿನ ಅರ್ಧ ಹೆಣ್ಣುಮಕ್ಕಳು ಹಾಗೇ ಓಡಾಡೋದು, ಯಾರಿಗೂ ಸಂಶಯ ಬರಲಿಲ್ಲ. ಒಳಗೂ ಬಿಚ್ಚದೆ ಕೂತಾಗ ಮಾತ್ರ "ಜ್ವರ ಬಂದಾವೇನ್ರಿ?" ಅಂತ ಕೇಳಿದರು. ಹೂಂ ಅಂದೆ.

ಗುರುವಾರ ಮಹಾವೀರ ಜಯಂತಿ ರಜೆ ಇತ್ತಲ್ಲ, ಸೂಪರ್ ಮಾರ್ಕೆಟ್‌ಗೆ ಹೋಗಿ 7.1 ಅಂತ ಬರೆದ ಟೋನರ್ (ಬ್ಲೀಚ್ ಆದ ಕೂದಲಿನ ಛಾಯೆ ತಿದ್ದೋ ಬಣ್ಣ), 10 ವಾಲ್ಯೂಮ್ ಡೆವಲಪರ್ ತಂದೆ. ಮೊದಲ ಅಂಕಿ ಬಣ್ಣ ಎಷ್ಟು ತಿಳಿ ಅಂತ, 1 ಅಂದರೆ ಕಪ್ಪು. ಚುಕ್ಕೆಯ ಆಚೆಗಿನದು ಛಾಯೆ, ನಾನು ತಂದದ್ದರಲ್ಲಿ 1 ಅಂದರೆ ಆಶ್, ಬೂದಿ ಛಾಯೆ, ನೀಲಿ ಮಿಶ್ರಣ. ಅವತ್ತೇ ರಾತ್ರಿ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಬಿಟ್ಟೆ. ಅಲರ್ಜಿ ಆಗುತ್ತೇನೋ ನೋಡೋಕೆ 48 ಗಂಟೆ ಕಾಯಬೇಕು. ಕಾಕುವಿನ ಮುಖ ನೆನಪಿದ್ದದ್ದಕ್ಕೆ ಕಾದೆ, ಇಲ್ಲಾಂದ್ರೆ ನನಗೆಲ್ಲಿ ಅಷ್ಟು ತಾಳ್ಮೆ.

ಇವತ್ತು ಟೋನರ್. ಹಸಿ ಕೂದಲಿಗೇ ಹಚ್ಚಿದೆ. ಐದು ನಿಮಿಷಕ್ಕೆ ಕಡು ನೇರಳೆಯಾಗಿ ಕಂಡು ಎದೆ ಧಸಕ್ಕೆಂದಿತು. ಅದು ಮೇಲಿನ ಬಣ್ಣ ಅಷ್ಟೇ. ಆಗಾಗ ಒಂದು ಎಳೆ ಟವೆಲಿನಲ್ಲಿ ಒರೆಸಿ ನೋಡಬೇಕು. ಹದಿನೈದು ನಿಮಿಷಕ್ಕೆ ಒಳಗಿನ ಬೆಂಕಿ ಆರಿತ್ತು.

ತೊಳೆಯೋಕೆ ನಲ್ಲಿ ತಿರುಗಿಸಿದೆ, ಮೈಸುಡುವ ನೀರು. ಹನ್ನೊಂದು ಗಂಟೆಗೆ ಮಾಳಿಗೆಯ ಟ್ಯಾಂಕಿನ ನೀರು ಇನ್ನೇನಿರುತ್ತೆ? ಬಿಸಿನೀರು ಬಿದ್ದರೆ ಟೋನರ್ ಬೇಗ ಬಿಟ್ಟುಹೋಗುತ್ತೆ. ಬಗ್ಗಿಕೊಂಡೇ "ತಣ್ಣೀರು ತಾರೇ!" ಅಂತ ಕೂಗಿದೆ. ತಂಗಿ ಕುಡಿಯುವ ನೀರಿನ ಮಣ್ಣಿನ ಗಡಿಗೆಯನ್ನೇ ಎತ್ತಿಕೊಂಡು ಬಂದಳು. ಚೊಂಬು ಚೊಂಬು ಸುರಿದಳು. ಆಹಾ.

ಈಗ ಒಣಗಿದೆ. ತಿಳಿ ಕಂದು, ಚಹಾದ ಬಣ್ಣ, ಹಾಲು ಸ್ವಲ್ಪ ಜಾಸ್ತಿ ಹಾಕಿದ್ದು. ತುದಿ ಇನ್ನೂ ಕೆಂಪಗಿದೆ, ಅದನ್ನು ಕತ್ತರಿಸೋದೇ ಸೈ. ಮೂರ್ನಾಲ್ಕು ವಾರಕ್ಕೆ ಮತ್ತೆ ಕಿತ್ತಳೆ ಇಣುಕುತ್ತೆ, ಆಗ ನೀಲಿ ಶಾಂಪೂ. ಅವ್ವ ಬೆಳಕಿಗೆ ಕರೆದು ತಿರುಗಿಸಿ ತಿರುಗಿಸಿ ನೋಡಿ, "ಮೊದಲಿಗಿಂತ ಬರೋಬ್ಬರಿ ಅವ" ಅಂದಳು.

ಆಮೇಲೆ ಅಡುಗೆಮನೆಯಿಂದ ಕೇಳಿದಳು, "ನಾಳೆ ಮಾವಿನಕಾಯಿ ಉಪ್ಪಿನಕಾಯಿ ಹಾಕೋದದ, ನನ್ನ ಬಿಳಿ ಬಟ್ಟಲ ಎಲ್ಲಿಟ್ಟೀರಿ?"

ತಂಗಿ ನನ್ನ ಮುಖ ನೋಡಿದಳು. ಬಟ್ಟಲು ಹಿತ್ತಲಲ್ಲಿದೆ, ತಳದಲ್ಲಿ ನೀಲಿ ಕಲೆ, ಎಷ್ಟು ಉಜ್ಜಿದರೂ ಹೋಗ್ತಿಲ್ಲ. ಹೋದರೂ ಅದರಲ್ಲಿ ಇನ್ನು ಉಪ್ಪಿನಕಾಯಿ ಕಲಸುವ ಹಾಗಿಲ್ಲ. ಸಂಜೆ ಬಿಸಿಲು ಇಳಿದ ಮೇಲೆ ಅಂಥದ್ದೇ ಇನ್ನೊಂದು ಹುಡುಕೋಕೆ ಹೋಗಬೇಕು.